ಹೊಸ ಕರ್ನಲ್ ರೂಟ್ ಡಿಸ್ಕ್ ಮೌಂಟ್ ಮಾಡುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ನೀವೇ ಸೋರ್ಸ್‌ನಿಂದ ಕಟ್ಟಿದ್ದೀರಿ. ಅದು ಕಂಪೈಲ್ ಆಯಿತು. ಇನ್‌ಸ್ಟಾಲ್ ಕೂಡ ತಕರಾರಿಲ್ಲದೆ ಮುಗಿಯಿತು. ರೀಬೂಟ್ ಮಾಡಿದರೆ ಪರದೆಯಲ್ಲಿ ಈ ಸಾಲು ಬಂದು ಎಲ್ಲ ನಿಂತುಬಿಡುತ್ತದೆ:

ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)

ಅಂದರೆ ಇಡೀ ಸಿಸ್ಟಮ್ ಇರುವ ರೂಟ್ ಫೈಲ್‌ಸಿಸ್ಟಮ್ ಅನ್ನು ಮೌಂಟ್ ಮಾಡಲು (ಬಳಕೆಗೆ ಜೋಡಿಸಿಕೊಳ್ಳಲು) ಕರ್ನಲ್‌ಗೆ ಆಗಲಿಲ್ಲ. ಇದನ್ನು ಕಂಡ ಕೂಡಲೇ ಮೆನುಕಾನ್ಫಿಗ್ (ಕರ್ನಲ್‌ನ ಆಯ್ಕೆಗಳನ್ನು ಆರಿಸುವ ಮೆನು) ತೆರೆದು, ಡಿಸ್ಕ್‌ಗೆ ಸಂಬಂಧ ಇದೆ ಅನ್ನಿಸಿದ್ದನ್ನೆಲ್ಲ ಆನ್ ಮಾಡಿ, ಮತ್ತೆ ಬಿಲ್ಡ್‌ಗೆ ಹಾಕುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲಿ ತಪ್ಪಿದೆ ಅನ್ನುವುದನ್ನು ಆ ಪರದೆಯೇ ಹೇಳುತ್ತಿರುತ್ತದೆ. ಕೊನೆಯ ಆವರಣದಲ್ಲಿರುವ ಎರಡು ಅಂಕಿ ಮತ್ತು ಅದರ ಮೇಲಿನ ಹತ್ತು ಹದಿನೈದು ಸಾಲು ಓದಿಕೊಂಡರೆ, ಬಹುತೇಕ ಸಲ ಬದಲಿಸಬೇಕಾದ್ದು ಒಂದೇ ಆಯ್ಕೆ.

ಇಲ್ಲಿ ಕಮಾಂಡ್‌ಗಳನ್ನು ಓದುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಳೆಯ ಕರ್ನಲ್ ಉಳಿದಿರಲಿ

ಹೊಸ ಕರ್ನಲ್ ಬೂಟ್ ಆಗದಿದ್ದರೆ ಹಳೆಯದಕ್ಕೆ ಮರಳುವ ದಾರಿ ಇರಲೇಬೇಕು. ಯುಇಎಫ್‌ಐ ಯಂತ್ರಗಳಲ್ಲಿ ಆನ್ ಮಾಡಿದಾಗ ಎಸ್ಕೇಪ್ ಕೀ, ಹಳೆಯ ಬಯೋಸ್ ಯಂತ್ರಗಳಲ್ಲಿ ಶಿಫ್ಟ್ ಕೀ ಒತ್ತಿದರೆ ಗ್ರಬ್ (ಕರ್ನಲ್ ಅನ್ನು ಶುರು ಮಾಡುವ ಬೂಟ್‌ಲೋಡರ್) ಮೆನು ಬರುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯ ಕರ್ನಲ್ ಇರುತ್ತದೆ.

ಅದು ಅಲ್ಲಿ ಸರಿಯಾಗಿ ಉಳಿಯಬೇಕಾದರೆ ಬಿಲ್ಡ್ ಮಾಡುವ ಮೊದಲೇ ಕಾನ್ಫಿಗ್_ಲೋಕಲ್‌ವರ್ಷನ್ ಆಯ್ಕೆಗೆ ನಿಮ್ಮದೇ ಒಂದು ಹೆಸರು ಕೊಡಿ, "-ನನ್ನದು1" ಅನ್ನುವ ಹಾಗೆ. ಹೆಸರು ಬೇರೆ ಆದರೆ /ಲಿಬ್/ಮಾಡ್ಯೂಲ್ಸ್ ಒಳಗೆ ಫೋಲ್ಡರ್ ಕೂಡ ಬೇರೆ ಆಗುತ್ತದೆ. ಒಂದೇ ಹೆಸರಿನಲ್ಲಿ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ಚೆನ್ನಾಗಿ ಓಡುತ್ತಿದ್ದ ಕರ್ನಲ್‌ನ ಮಾಡ್ಯೂಲ್‌ಗಳ (ಬೇಕಾದಾಗ ಲೋಡ್ ಆಗುವ ಡ್ರೈವರ್ ಫೈಲ್‌ಗಳ) ಮೇಲೆ ಹೊಸವು ಕೂರುತ್ತವೆ. ಆಮೇಲೆ ಹೊಸದು ಕೆಟ್ಟರೆ ಹಳೆಯದೂ ಕೆಲಸಕ್ಕೆ ಬಾರದೆ ಹೋಗಬಹುದು.

ದೂರದ ಸರ್ವರ್ ಆದರೆ ಇನ್ನೂ ಎಚ್ಚರ ಬೇಕು. ಗ್ರಬ್ ಸೆಟ್ಟಿಂಗ್‌ನಲ್ಲಿ ಗ್ರಬ್_ಡಿಫಾಲ್ಟ್=ಸೇವ್ಡ್ ಎಂದು ಇಟ್ಟು, ಹಳೆಯ ಕರ್ನಲ್ ಅನ್ನು ಡಿಫಾಲ್ಟ್ ಆಗಿ ಉಳಿಸಿ, ಗ್ರಬ್-ರೀಬೂಟ್ ಕಮಾಂಡ್‌ನಿಂದ ಹೊಸದನ್ನು ಒಂದೇ ಒಂದು ಸಲಕ್ಕೆ ಆರಿಸಿ. ಹೊಸ ಕರ್ನಲ್‌ನ ಬೂಟ್ ಸಾಲಿಗೆ ಪ್ಯಾನಿಕ್=30 ಸೇರಿಸಿ. ಪ್ಯಾನಿಕ್ ಆದರೆ 30 ಸೆಕೆಂಡಿಗೆ ಯಂತ್ರ ತಾನೇ ರೀಬೂಟ್ ಆಗಿ ಹಳೆಯದಕ್ಕೆ ಬರುತ್ತದೆ. ಆದರೆ /ಬೂಟ್ ಎಲ್‌ವಿಎಂ (ಡಿಸ್ಕ್ ಜಾಗವನ್ನು ಹಂಚುವ ಪದರ) ಅಥವಾ ಬಿಟಿಆರ್‌ಎಫ್‌ಎಸ್ (ಒಂದು ಬಗೆಯ ಫೈಲ್‌ಸಿಸ್ಟಮ್) ಮೇಲಿದ್ದರೆ ಇದನ್ನು ನಂಬಬೇಡಿ. ಅಲ್ಲಿ ಗ್ರಬ್‌ಗೆ ಬರೆಯಲು ಆಗುವುದಿಲ್ಲ, "ಒಂದೇ ಸಲ" ಅನ್ನುವ ಗುರುತು ಅಳಿಯದೆ ಹಾಗೇ ಉಳಿಯುತ್ತದೆ.

ಬಿಲ್ಡ್ ಹಂತದಲ್ಲೇ ನಿಂತರೆ

ಇದು ಸುಲಭದ ಭಾಗ. ಬಿಲ್ಡ್ ನಡೆಸುವ ಮೇಕ್ ಕಮಾಂಡ್ ಹೇಳುವ ಕೊನೆಯ ಸಾಲು ಉಪಯೋಗಕ್ಕೆ ಬರುವುದಿಲ್ಲ. ಹಲವು ಕೆಲಸ ಒಟ್ಟಿಗೆ ನಡೆಯುವುದರಿಂದ ನಿಜವಾದ ದೋಷ ಎಷ್ಟೋ ಮೇಲೆ ಇರುತ್ತದೆ. ಮೇಕ್ -ಜೆ1 (ಒಂದು ಸಲಕ್ಕೆ ಒಂದೇ ಕೆಲಸ) ಎಂದು ಮತ್ತೊಮ್ಮೆ ಓಡಿಸಿ, ಮೊದಲ ಎರರ್ ನೋಡಿ.

ಉಬುಂಟುವಿನ ಕಾನ್ಫಿಗ್ ಫೈಲ್ ತಂದು ಮೂಲ ಕರ್ನಲ್ ಬಿಲ್ಡ್ ಮಾಡುವವರಿಗೆ "ಕೆನೋನಿಕಲ್-ಸರ್ಟ್ಸ್.ಪೆಮ್" ಎಂಬ ಫೈಲ್ ಸಿಗುತ್ತಿಲ್ಲ ಎಂಬ ದೂರು ಬರುತ್ತದೆ. ಆ ಫೈಲ್ ಉಬುಂಟುವಿನ ಸೋರ್ಸ್‌ನಲ್ಲಿ ಮಾತ್ರ ಇದೆ. ಸಿಸ್ಟಮ್_ಟ್ರಸ್ಟೆಡ್_ಕೀಸ್ ಮತ್ತು ಸಿಸ್ಟಮ್_ರಿವೊಕೇಷನ್_ಕೀಸ್ ಎರಡನ್ನೂ ಖಾಲಿ ಬಿಟ್ಟರೆ ಸಾಕು. "ಪಾಹೋಲ್" ಇಲ್ಲ ಎಂದರೆ ಡ್ವಾರ್ವ್ಸ್ ಪ್ಯಾಕೇಜ್ ಹಾಕಿ. ಕಂಪೈಲರ್ ಕಾರಣ ಹೇಳದೆ "ಕಿಲ್ಡ್" ಎಂದು ಸತ್ತರೆ ಮೆಮೊರಿ ಸಾಲದೆ ಹೋಗಿರಬಹುದು. ಡಿಮೆಸ್ಗ್ ಕಮಾಂಡ್ ತೋರಿಸುವ ಕರ್ನಲ್ ಲಾಗ್‌ನಲ್ಲಿ "ಔಟ್ ಆಫ್ ಮೆಮೊರಿ" ಎಂದು ಇದೆಯಾ ನೋಡಿ, ಇದ್ದರೆ -ಜೆ ಸಂಖ್ಯೆ ಇಳಿಸಿ.

ಇನ್ನೊಂದು: .ಕಾನ್ಫಿಗ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಒಂದು ಸಾಲು ಸೇರಿಸಿರುತ್ತೀರಿ. ಅದಕ್ಕೆ ಬೇಕಾದ ಇನ್ನೊಂದು ಆಯ್ಕೆ ಆಫ್ ಇದ್ದರೆ, ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ನಿಮ್ಮ ಸಾಲನ್ನು ಸದ್ದಿಲ್ಲದೆ ತೆಗೆದುಹಾಕುತ್ತದೆ. ಬಿಲ್ಡ್ ಶುರು ಮಾಡುವ ಮೊದಲು ಆ ಸಾಲು ಉಳಿದಿದೆಯಾ ಎಂದು ಗ್ರೆಪ್ ಕಮಾಂಡ್‌ನಿಂದ ಹುಡುಕಿ ನೋಡಿ. ಉಳಿದಿಲ್ಲದಿದ್ದರೆ ಮೆನುಕಾನ್ಫಿಗ್‌ನಲ್ಲಿ "/" ಒತ್ತಿ ಹುಡುಕಿದರೆ ಅದು ಯಾವುದನ್ನು ಅವಲಂಬಿಸಿದೆ ಅಂತ ಗೊತ್ತಾಗುತ್ತದೆ.

ಪ್ಯಾನಿಕ್ ಪರದೆಯನ್ನು ಓದುವುದು

ಮೊದಲು ಪರದೆ ಮಾತಾಡುವಂತೆ ಮಾಡಬೇಕು. ಗ್ರಬ್ ಮೆನುವಿನಲ್ಲಿ ಹೊಸ ಕರ್ನಲ್ ಮೇಲೆ ನಿಂತು "ಇ" ಕೀ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಸಾಲಿನಲ್ಲಿ "ಕ್ವಯಟ್" ಮತ್ತು "ಸ್ಪ್ಲ್ಯಾಶ್" ಪದಗಳನ್ನು ತೆಗೆದು ಎಫ್10 ಒತ್ತಿ. ಸಾಲುಗಳು ಓಡಿಹೋದರೆ ಫೋನ್‌ನಲ್ಲಿ ವಿಡಿಯೊ ಮಾಡಿಕೊಂಡು ನಿಧಾನವಾಗಿ ನೋಡಿ. ವರ್ಚುವಲ್ ಯಂತ್ರ ಆದರೆ ಕನ್ಸೋಲ್=ಟಿಟಿವೈಎಸ್0 ಕೊಟ್ಟು ಇಡೀ ಲಾಗ್ ಅನ್ನು ಫೈಲ್‌ಗೆ ತೆಗೆದುಕೊಳ್ಳಬಹುದು.

ಈಗ ಆವರಣದ ಅಂಕಿಗಳು. ಮೊದಲನೆಯದು ಮೇಜರ್ ನಂಬರ್, ಯಾವ ಬಗೆಯ ಸಾಧನ ಅನ್ನುವುದನ್ನು ಹೇಳುತ್ತದೆ. ಎರಡನೆಯದು ಮೈನರ್ ನಂಬರ್. 8 ಅಂದರೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರಿನ ಡಿಸ್ಕ್, ಹಾಗಾಗಿ (8,2) ಅಂದರೆ ಎಸ್‌ಡಿಎ2. ಎನ್‌ವಿಎಂಇ ಡಿಸ್ಕ್‌ನ ಪಾರ್ಟಿಷನ್‌ಗಳಿಗೆ 259 ಬರುತ್ತದೆ. (0,0) ಬಂದಿದ್ದರೆ ಬೂಟ್ ಸಾಲಿನಲ್ಲಿ ರೂಟ್= ಎಂದು ನೀವು ಕೊಟ್ಟ ಹೆಸರಿಗೆ ಹೊಂದುವ ಯಾವ ಸಾಧನವೂ ಕರ್ನಲ್‌ಗೆ ಸಿಗಲಿಲ್ಲ ಎಂದರ್ಥ. ಬೇರೆ ಅಂಕಿ ಇದ್ದರೆ ಡಿಸ್ಕ್ ಸಿಕ್ಕಿದೆ, ಅದರೊಳಗಿನ ಫೈಲ್‌ಸಿಸ್ಟಮ್ ಅರ್ಥವಾಗಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ಯಾನಿಕ್ ಸಾಲಿನ ಸ್ವಲ್ಪ ಮೇಲೆ ಕರ್ನಲ್ ತನಗೆ ಕಂಡ ಪಾರ್ಟಿಷನ್‌ಗಳ ಪಟ್ಟಿ ಕೊಡುತ್ತದೆ. (0,0) ಬಂದಾಗ ಈ ಪಟ್ಟಿಯೇ ಮುಖ್ಯ.

ಪಟ್ಟಿ ಖಾಲಿ ಇದ್ದರೆ ಡಿಸ್ಕ್ ಕಂಟ್ರೋಲರ್‌ನ ಡ್ರೈವರ್ ಇಲ್ಲ. ಎನ್‌ವಿಎಂಇಗೆ ಬಿಎಲ್‌ಕೆ_ಡೆವ್_ಎನ್‌ವಿಎಂಇ ಬೇಕು. ಸಾಟಾ ಡಿಸ್ಕ್‌ಗೆ ಸಾಟಾ_ಎಎಚ್‌ಸಿಐ ಜೊತೆಗೆ ಬಿಎಲ್‌ಕೆ_ಡೆವ್_ಎಸ್‌ಡಿ ಕೂಡ ಬೇಕು. ಈ ಎರಡನೆಯದನ್ನು ಮರೆಯುವವರು ಬಹಳ ಮಂದಿ. ಅದು ಸ್ಕಸಿ ಮೆನುವಿನೊಳಗೆ ಇರುವುದರಿಂದ ಸಾಟಾ ಡಿಸ್ಕ್ ಇರುವವರು ಆ ಕಡೆ ನೋಡುವುದೇ ಇಲ್ಲ. ಆಗ ಲಾಗ್‌ನಲ್ಲಿ ಎಟಿಎ1 ಎಂದು ಡಿಸ್ಕ್‌ನ ಮಾದರಿ ಹೆಸರು ಸಮೇತ ಕಾಣುತ್ತದೆ, ಎಸ್‌ಡಿಎ ಮಾತ್ರ ಹುಟ್ಟುವುದಿಲ್ಲ. ಕೆವಿಎಂ ವರ್ಚುವಲ್ ಯಂತ್ರಗಳಿಗೆ ವರ್ಟಿಯೊ_ಪಿಸಿಐ ಮತ್ತು ವರ್ಟಿಯೊ_ಬಿಎಲ್‌ಕೆ ಬೇಕು. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ ವಿಎಂಡಿ ಎಂಬ ಕಂಟ್ರೋಲರ್‌ನ ಹಿಂದೆ ಅಡಗಿರುತ್ತದೆ. ಅಲ್ಲಿ ಎನ್‌ವಿಎಂಇ ಡ್ರೈವರ್ ಹಾಕಿದರೂ ಸಾಲದು, ವಿಎಂಡಿ ಆಯ್ಕೆಯೂ ಬೇಕು.

ಪಟ್ಟಿಯಲ್ಲಿ ಎಸ್‌ಡಿಎ ಇದೆ, ಎಸ್‌ಡಿಎ1, ಎಸ್‌ಡಿಎ2 ಇಲ್ಲ ಅಂದರೆ ಪಾರ್ಟಿಷನ್ ಟೇಬಲ್ ಓದಲು ಬರುತ್ತಿಲ್ಲ. ಈಗಿನ ಡಿಸ್ಕ್‌ಗಳಲ್ಲಿ ಜಿಪಿಟಿ ಟೇಬಲ್ ಇರುವುದರಿಂದ ಇಎಫ್‌ಐ_ಪಾರ್ಟಿಷನ್ ಆಯ್ಕೆ ಆನ್ ಇರಬೇಕು.

ಎಲ್ಲ ಪಾರ್ಟಿಷನ್‌ಗಳೂ ಪಟ್ಟಿಯಲ್ಲಿವೆ, ಆದರೂ (0,0) ಬಂದಿದೆ. ಹಾಗಾದರೆ ಡ್ರೈವರ್ ತಂಟೆಗೆ ಹೋಗಬೇಡಿ, ರೂಟ್= ಹೆಸರನ್ನು ನೋಡಿ. ರೂಟ್=ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತು ಸಂಖ್ಯೆ) ಎಂದು ಇದ್ದು ಇನಿಟ್‌ರಾಮ್‌ಎಫ್‌ಎಸ್ (ರೂಟ್ ಮೌಂಟ್ ಆಗುವ ಮೊದಲು ಮೆಮೊರಿಯಲ್ಲಿ ಬಿಚ್ಚಿಕೊಳ್ಳುವ ಪುಟ್ಟ ಫೈಲ್‌ಸಿಸ್ಟಮ್) ಇಲ್ಲದಿದ್ದರೆ ಹೀಗೇ ಆಗುತ್ತದೆ. ಯುಯುಐಡಿ ಇರುವುದು ಫೈಲ್‌ಸಿಸ್ಟಮ್‌ನ ಒಳಗೆ. ಕರ್ನಲ್ ತಾನಾಗಿ ಒಳಹೊಕ್ಕು ಅದನ್ನು ಹುಡುಕುವುದಿಲ್ಲ. ಹುಡುಕುವ ಕೆಲಸ ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಟೂಲ್‌ಗಳದ್ದು. ಪಾರ್ಟಿಷನ್ ಟೇಬಲ್‌ನಲ್ಲೇ ಬರೆದಿರುವ ಪಾರ್ಟ್‌ಯುಯುಐಡಿ ಮಾತ್ರ ಕರ್ನಲ್‌ಗೆ ನೇರವಾಗಿ ಗೊತ್ತಾಗುತ್ತದೆ. ಹಳೆಯ ಕರ್ನಲ್‌ನಲ್ಲಿ ಬೂಟ್ ಆಗಿ ಬಿಎಲ್‌ಕೆಐಡಿ ಓಡಿಸಿದರೆ ಎರಡೂ ಸಿಗುತ್ತವೆ. ಇನಿಟ್‌ರಾಮ್‌ಎಫ್‌ಎಸ್ ಬೇಡ ಅನ್ನುವವರು ರೂಟ್=ಪಾರ್ಟ್‌ಯುಯುಐಡಿ= ಎಂದು ಕೊಡಿ. /ಡೆವ್/ಎಸ್‌ಡಿಎ2 ಎಂದೂ ಕೊಡಬಹುದು. ಆದರೆ ಎರಡು ಡಿಸ್ಕ್ ಇರುವ ಯಂತ್ರದಲ್ಲಿ ಇವತ್ತಿನ ಎಸ್‌ಡಿಎ ನಾಳೆ ಎಸ್‌ಡಿಬಿ ಆಗಬಹುದು, ಆ ಹೆಸರುಗಳು ಸ್ಥಿರ ಅಲ್ಲ.

ರೂಟ್ ಡಿಸ್ಕ್ ಯುಎಸ್‌ಬಿ ಮೇಲಿದ್ದರೆ ಬೂಟ್ ಸಾಲಿಗೆ ರೂಟ್‌ವೇಟ್ ಸೇರಿಸಿ. ಯುಎಸ್‌ಬಿ ಡಿಸ್ಕ್ ಏಳಲು ಕೆಲವು ಸೆಕೆಂಡು ಬೇಕು, ಕರ್ನಲ್ ಅಷ್ಟು ಕಾಯದೆ ಪ್ಯಾನಿಕ್ ಆಗುತ್ತದೆ.

ಇನ್ನು ಆವರಣದಲ್ಲಿ (8,2) ಅಥವಾ (259,2) ಬಂದಿದ್ದರೆ, ಕರ್ನಲ್ ಯಾವ ಯಾವ ಫೈಲ್‌ಸಿಸ್ಟಮ್ ಪ್ರಯತ್ನಿಸಿತು ಎಂಬ ಸಾಲು ಹತ್ತಿರದಲ್ಲೇ ಇರುತ್ತದೆ. ನಿಮ್ಮ ರೂಟ್ ಎಕ್ಸ್‌ಎಫ್‌ಎಸ್ ಆಗಿದ್ದು ಆ ಸಾಲಿನಲ್ಲಿ ಎಕ್ಸ್‌ಎಫ್‌ಎಸ್ ಇಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ.

ಇಲ್ಲೆಲ್ಲ ಒಂದು ವಿಷಯ ಅಡಗಿದೆ. ಆಯ್ಕೆ "ಎಂ" ಆಗಿದ್ದರೆ ಡ್ರೈವರ್ ಮಾಡ್ಯೂಲ್ ಆಗಿ ಡಿಸ್ಕ್ ಮೇಲೆ ಕೂರುತ್ತದೆ, "ವೈ" ಆಗಿದ್ದರೆ ಕರ್ನಲ್ ಒಳಗೇ ಇರುತ್ತದೆ. ಡಿಸ್ಕ್ ಓದುವ ಡ್ರೈವರ್ ಅದೇ ಡಿಸ್ಕ್ ಮೇಲೆ ಇದ್ದರೆ ಅದನ್ನು ತರುವವರು ಯಾರು? ಇನಿಟ್‌ರಾಮ್‌ಎಫ್‌ಎಸ್ ಇದ್ದರೆ ಅದು ತರುತ್ತದೆ. ಇಲ್ಲದಿದ್ದರೆ ಕಂಟ್ರೋಲರ್, ಡಿಸ್ಕ್, ಫೈಲ್‌ಸಿಸ್ಟಮ್ ಮೂರೂ "ವೈ" ಆಗಿರಲೇಬೇಕು.

ನಿಮ್ಮ ಯಂತ್ರಕ್ಕೆ ಯಾವ ಡ್ರೈವರ್ ಬೇಕು ಅನ್ನುವುದನ್ನು ಊಹಿಸಬೇಡಿ. ಹಳೆಯ ಕರ್ನಲ್‌ನಲ್ಲಿ ಎಲ್‌ಎಸ್‌ಪಿಸಿಐ -ಕೆ ಓಡಿಸಿದರೆ ಪ್ರತಿ ಸಾಧನಕ್ಕೂ ಈಗ ಬಳಕೆಯಲ್ಲಿರುವ ಡ್ರೈವರ್ ಹೆಸರು ಬರುತ್ತದೆ. ಹಳೆಯ ಕರ್ನಲ್‌ನ ಕಾನ್ಫಿಗ್ ಹೆಚ್ಚಿನ ಲಿನಕ್ಸ್ ವಿತರಣೆಗಳಲ್ಲಿ (ಉಬುಂಟು, ಫೆಡೋರಾದಂಥವು) /ಬೂಟ್ ಒಳಗೇ ಸಿಗುತ್ತದೆ. ಕರ್ನಲ್ ಸೋರ್ಸ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ ಡಿಫ್‌ಕಾನ್ಫಿಗ್ ಎಂಬ ಸ್ಕ್ರಿಪ್ಟ್ ಇದೆ. ಹಳೆಯ ಮತ್ತು ಹೊಸ ಕಾನ್ಫಿಗ್ ಎರಡನ್ನೂ ಕೊಟ್ಟರೆ ಬದಲಾದ ಸಾಲುಗಳನ್ನು ಮಾತ್ರ ತೋರಿಸುತ್ತದೆ. ಈ ಒಂದು ಸ್ಕ್ರಿಪ್ಟ್ ಎಷ್ಟೋ ಬಿಲ್ಡ್‌ಗಳ ಸಮಯ ಉಳಿಸುತ್ತದೆ, ಆದರೂ ಇದನ್ನು ಬಳಸುವವರು ಕಡಿಮೆ.

ಇನಿಟ್‌ರಾಮ್‌ಎಫ್‌ಎಸ್ ಇದ್ದೂ ಆಗದಿದ್ದಾಗ

ಮೊದಲು ಫೈಲ್ ನಿಜವಾಗಿ ಇದೆಯಾ ನೋಡಿ. ಎಲ್‌ಎಸ್ -ಎಲ್‌ಎಚ್ /ಬೂಟ್ ಎಂದು ಕೊಟ್ಟು ಹಳೆಯ ಕರ್ನಲ್‌ನ ಇನಿಟ್‌ರಾಮ್‌ಎಫ್‌ಎಸ್ ಗಾತ್ರವನ್ನು ಹೊಸದರ ಜೊತೆ ಹೋಲಿಸಿ. ಹೊಸದು ತೀರಾ ಚಿಕ್ಕದಿದ್ದರೆ /ಬೂಟ್ ತುಂಬಿ, ಅರ್ಧಕ್ಕೆ ನಿಂತಿರಬಹುದು. ಡಿಎಫ್ -ಎಚ್ /ಬೂಟ್ ಅದನ್ನು ಖಚಿತ ಮಾಡುತ್ತದೆ. ತೀರಾ ದೊಡ್ಡದಿದ್ದರೆ, ಅಂದರೆ ನೂರಾರು ಎಂಬಿ ಇದ್ದರೆ, ಡಿಬಗ್ ಮಾಹಿತಿ ಸಮೇತ ಮಾಡ್ಯೂಲ್‌ಗಳು ಹೋಗಿ ಕೂತಿವೆ. ಮೇಕ್ ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1 ಮಾಡ್ಯೂಲ್ಸ್_ಇನ್‌ಸ್ಟಾಲ್ ಎಂದು ಮತ್ತೆ ಹಾಕಿ, ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಮಾಡಿ. ಡೆಬಿಯನ್, ಉಬುಂಟುಗಳಲ್ಲಿ ಅದಕ್ಕೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್, ಫೆಡೋರಾದಲ್ಲಿ ಡ್ರಾಕಟ್, ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ. ಮಾಡ್ಯೂಲ್ಸ್_ಇನ್‌ಸ್ಟಾಲ್ ಮೊದಲು, ಇನಿಟ್‌ರಾಮ್‌ಎಫ್‌ಎಸ್ ಆಮೇಲೆ. ಈ ಕ್ರಮ ತಪ್ಪಿದರೆ ಅದರೊಳಗೆ ಡ್ರೈವರ್‌ಗಳೇ ಇರುವುದಿಲ್ಲ.

ಗಾತ್ರ ಸರಿ ಇದ್ದರೂ (0,0) ಬಂದರೆ ಲಾಗ್‌ನಲ್ಲಿ "ಇನಿಟ್‌ರಾಮ್‌ಎಫ್‌ಎಸ್ ಅನ್‌ಪ್ಯಾಕಿಂಗ್ ಫೇಲ್ಡ್" ಎಂದು ಇದೆಯಾ ಹುಡುಕಿ. ಫೈಲ್ ಅನ್ನು ಝಡ್‌ಎಸ್‌ಟಿಡಿಯಲ್ಲಿ ಕುಗ್ಗಿಸಿದ್ದು, ಕರ್ನಲ್‌ನಲ್ಲಿ ಆರ್‌ಡಿ_ಝಡ್‌ಎಸ್‌ಟಿಡಿ ಆಫ್ ಆಗಿದ್ದರೆ ಈ ದೂರು ಬರುತ್ತದೆ. 2020ರ ಲಿನಕ್ಸ್ 5.9ಕ್ಕಿಂತ ಹಿಂದಿನ ಕರ್ನಲ್‌ಗಳಿಗೆ ಝಡ್‌ಎಸ್‌ಟಿಡಿ ಇನಿಟ್‌ರಾಮ್‌ಎಫ್‌ಎಸ್ ಬಿಚ್ಚಲು ಬರುವುದೇ ಇಲ್ಲ. ಹಳೆಯ ಕರ್ನಲ್ ಬಿಲ್ಡ್ ಮಾಡುವವರು ಜಿಝಿಪ್‌ಗೆ ಬದಲಿಸಿಕೊಳ್ಳಿ.

ಕೆಲವೊಮ್ಮೆ ಪ್ಯಾನಿಕ್ ಆಗದೆ, ಯುಯುಐಡಿ ಸಿಗುತ್ತಿಲ್ಲ ಎಂದು ಹೇಳಿ ಒಂದು ಪುಟ್ಟ ಶೆಲ್ ಬರುತ್ತದೆ. ಇದು ಒಳ್ಳೆಯ ಸ್ಥಿತಿ, ಇಲ್ಲಿ ಪರೀಕ್ಷೆ ಮಾಡಬಹುದು. ಕ್ಯಾಟ್ /ಪ್ರಾಕ್/ಸಿಎಂಡಿಲೈನ್ ನೋಡಿ, ರೂಟ್= ಸರಿ ಇದೆಯಾ ಓದಿ. ಬಿಎಲ್‌ಕೆಐಡಿ ಓಡಿಸಿ. ಅದು ಏನನ್ನೂ ತೋರಿಸದಿದ್ದರೆ ಮಾಡ್‌ಪ್ರೋಬ್ ಎನ್‌ವಿಎಂಇ ಅಥವಾ ಮಾಡ್‌ಪ್ರೋಬ್ ಎಎಚ್‌ಸಿಐ ಕೊಟ್ಟು ಮತ್ತೆ ನೋಡಿ. ಡಿಸ್ಕ್ ಕಾಣಿಸಿಕೊಂಡರೆ ಎಕ್ಸಿಟ್ ಎಂದು ಕೊಡಿ, ಬೂಟ್ ಮುಂದುವರಿಯುತ್ತದೆ. ಆಮೇಲೆ ಡೆಬಿಯನ್, ಉಬುಂಟುಗಳಲ್ಲಿ ಆ ಮಾಡ್ಯೂಲ್ ಹೆಸರನ್ನು /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಮಾಡ್ಯೂಲ್ಸ್ ಫೈಲ್‌ಗೆ ಸೇರಿಸಿ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ. ಲಕ್ಸ್ ಎಂಬ ಎನ್‌ಕ್ರಿಪ್ಷನ್‌ನಿಂದ ಬೀಗ ಹಾಕಿದ ಡಿಸ್ಕ್ ಆದರೆ ಡಿಎಂ_ಕ್ರಿಪ್ಟ್ ಜೊತೆಗೆ ಎಇಎಸ್, ಎಕ್ಸ್‌ಟಿಎಸ್ ಕ್ರಿಪ್ಟೊ ಮಾಡ್ಯೂಲ್‌ಗಳೂ ಬೇಕು. ಇವಿಲ್ಲದೆ ಹೋದರೆ ಪಾಸ್‌ವರ್ಡ್ ಸರಿ ಕೊಟ್ಟರೂ ತೆರೆಯುವುದಿಲ್ಲ.

ರೂಟ್ ಮೌಂಟ್ ಆಯಿತು, ಎಮರ್ಜೆನ್ಸಿ ಮೋಡ್ ಬಂತು

ಇಲ್ಲಿ ಕರ್ನಲ್ ತನ್ನ ಮುಖ್ಯ ಕೆಲಸ ಮಾಡಿದೆ. ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿರುವ ಬೇರೆ ಯಾವುದೋ ಸಾಲು ಮೌಂಟ್ ಆಗಿಲ್ಲ. ಸಿಸ್ಟಮ್‌ಸಿಟಿಎಲ್ --ಫೇಲ್ಡ್ ಕೊಟ್ಟರೆ ಯಾವುದು ಅಂತ ಗೊತ್ತಾಗುತ್ತದೆ. ಸ್ವಂತ ಕರ್ನಲ್ ಕಟ್ಟಿದವರಲ್ಲಿ ಪದೇ ಪದೇ ಸಿಗುವುದು /ಬೂಟ್/ಇಎಫ್‌ಐ. ಅದು ವಿಫ್ಯಾಟ್ ಪಾರ್ಟಿಷನ್.

ಅದನ್ನು ಕೈಯಾರೆ ಮೌಂಟ್ ಮಾಡಿ ನೋಡಿ. "ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್ ವಿಫ್ಯಾಟ್" ಎಂದರೆ ಯುನೇಮ್ -ಆರ್ ತೋರಿಸುವ ಹೆಸರಿನ ಫೋಲ್ಡರ್ /ಲಿಬ್/ಮಾಡ್ಯೂಲ್ಸ್ ಒಳಗೆ ಇದೆಯಾ ನೋಡಿ. ಇಲ್ಲದಿದ್ದರೆ ಮಾಡ್ಯೂಲ್ಸ್_ಇನ್‌ಸ್ಟಾಲ್ ಆಗಿಲ್ಲ, ಅಥವಾ ಕರ್ನಲ್ ಇಮೇಜ್ ಒಂದು ಬಿಲ್ಡ್‌ನದು, ಮಾಡ್ಯೂಲ್‌ಗಳು ಇನ್ನೊಂದರದು. ಫೋಲ್ಡರ್ ಇದ್ದೂ ಮೌಂಟ್ ಆಗದೆ, ಡಿಮೆಸ್ಗ್‌ನಲ್ಲಿ "ಕೋಡ್‌ಪೇಜ್ ಸಿಪಿ437 ನಾಟ್ ಫೌಂಡ್" ಎಂದು ಬಂದರೆ ವಿಫ್ಯಾಟ್ ಡ್ರೈವರ್ ಬಂದಿದೆ, ಅದಕ್ಕೆ ಬೇಕಾದ ಅಕ್ಷರ ಕೋಷ್ಟಕ ಬಂದಿಲ್ಲ. ಎನ್‌ಎಲ್‌ಎಸ್_ಕೋಡ್‌ಪೇಜ್_437 ಆನ್ ಮಾಡಿ. "ಐಒ ಚಾರ್‌ಸೆಟ್" ಸಿಗಲಿಲ್ಲ ಅಂದರೆ ಫ್ಯಾಟ್_ಡಿಫಾಲ್ಟ್_ಐಒಚಾರ್‌ಸೆಟ್‌ನಲ್ಲಿ ಬರೆದಿರುವ ಹೆಸರಿನ ಎನ್‌ಎಲ್‌ಎಸ್ ಆಯ್ಕೆಯನ್ನು ಆನ್ ಮಾಡಿ.

ಈ ದೋಷದ ಹಿಂದೆ ಹೆಚ್ಚಾಗಿ ಇರುವುದು ಮೇಕ್ ಲೋಕಲ್‌ಮಾಡ್‌ಕಾನ್ಫಿಗ್. ಅದು ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸುತ್ತದೆ. ಕರ್ನಲ್ ಬೇಗ ಬಿಲ್ಡ್ ಆಗುತ್ತದೆ, ನಿಜ. ಆದರೆ ಆಗ ಪೆನ್‌ಡ್ರೈವ್ ಹಾಕಿರಲಿಲ್ಲ ಅಂದರೆ ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಹೋಯಿತು. ಎಕ್ಸ್‌ಫ್ಯಾಟ್ ಕಾರ್ಡ್ ಮೌಂಟ್ ಆಗಿರಲಿಲ್ಲ ಅಂದರೆ ಅದೂ ಹೋಯಿತು. ಓಡಿಸುವ ಮೊದಲು ನಿಮ್ಮ ಹತ್ತಿರ ಇರುವ ಡ್ರೈವ್, ಕಾರ್ಡ್, ಫೋನ್ ಎಲ್ಲವನ್ನೂ ಒಮ್ಮೆ ಜೋಡಿಸಿ ಮೌಂಟ್ ಮಾಡಿ.

ಎಫ್‌ಎಸ್‌ಟ್ಯಾಬ್ ಅನ್ನೂ ಗಟ್ಟಿ ಮಾಡಿಕೊಳ್ಳಿ. ಇಲ್ಲದಿದ್ದರೂ ಯಂತ್ರ ಓಡಬಹುದಾದ ಡ್ರೈವ್‌ಗಳ ಸಾಲಿನಲ್ಲಿ ನೋಫೇಲ್ ಸೇರಿಸಿ. ಬೂಟ್‌ನಲ್ಲಿ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಸಾಮಾನ್ಯವಾಗಿ ಕಾಣದ ಡ್ರೈವ್‌ಗಾಗಿ 90 ಸೆಕೆಂಡು ಕಾಯುತ್ತದೆ. ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10 ಎಂದು ಕೊಟ್ಟರೆ ಅದು ಇಳಿಯುತ್ತದೆ. ಬದಲಿಸಿದ ಮೇಲೆ ಫೈಂಡ್‌ಎಂಎನ್‌ಟಿ --ವೆರಿಫೈ ಓಡಿಸಿದರೆ ತಪ್ಪು ಸಾಲುಗಳನ್ನು ರೀಬೂಟ್‌ಗೆ ಮೊದಲೇ ತೋರಿಸುತ್ತದೆ. ಉಬುಂಟುವಿನಲ್ಲಿ ರೂಟ್ ಖಾತೆಗೆ ಬೀಗ ಇರುವುದರಿಂದ ಎಮರ್ಜೆನ್ಸಿ ಮೋಡ್ ಒಳಗೆ ಬಿಡದೇ ಇರಬಹುದು. ಆಗ ಗ್ರಬ್‌ನಲ್ಲಿ ಇನಿಟ್=/ಬಿನ್/ಬ್ಯಾಶ್ ಕೊಟ್ಟು ಬೂಟ್ ಆಗಿ, ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯೂ / ಕೊಟ್ಟ ಮೇಲೆ ಎಫ್‌ಎಸ್‌ಟ್ಯಾಬ್ ತಿದ್ದಿ.

ಫ್ರೀಬಿಎಸ್‌ಡಿಯಲ್ಲಿ

ಫ್ರೀಬಿಎಸ್‌ಡಿ ಲಿನಕ್ಸ್ ಅಲ್ಲ, ಯುನಿಕ್ಸ್ ಬಗೆಯ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಅಲ್ಲಿನ ವ್ಯವಸ್ಥೆ ಈ ವಿಷಯದಲ್ಲಿ ಹೆಚ್ಚು ಸ್ನೇಹಪರ ಅನ್ನಿಸುತ್ತದೆ. ರೂಟ್ ಸಿಗದಿದ್ದರೆ ಪ್ಯಾನಿಕ್ ಆಗುವ ಮೊದಲು "ಮೌಂಟ್‌ರೂಟ್>" ಎಂಬ ಪ್ರಾಂಪ್ಟ್ ಬರುತ್ತದೆ. "?" ಒತ್ತಿದರೆ ಕಾಣುವ ಡಿಸ್ಕ್‌ಗಳ ಪಟ್ಟಿ ಕೊಡುತ್ತದೆ. ಅದರಿಂದ ಆರಿಸಿ ಯುಎಫ್‌ಎಸ್:/ಡೆವ್/ಎಡಿಎ0ಪಿ2 ಎಂಬ ರೀತಿಯಲ್ಲಿ ಟೈಪ್ ಮಾಡಿದರೆ ಬೂಟ್ ಮುಂದುವರಿಯುತ್ತದೆ. ಆಮೇಲೆ ಎಫ್‌ಎಸ್‌ಟ್ಯಾಬ್ ಸರಿ ಮಾಡಿ. ಮೇಕ್ ಇನ್‌ಸ್ಟಾಲ್‌ಕರ್ನಲ್ ಹಿಂದಿನ ಕರ್ನಲ್ ಅನ್ನು /ಬೂಟ್/ಕರ್ನಲ್.ಓಲ್ಡ್‌ನಲ್ಲಿ ಎತ್ತಿಡುತ್ತದೆ, ಲೋಡರ್ ಮೆನುವಿನಿಂದಲೇ ಅದಕ್ಕೆ ಮರಳಬಹುದು. ಕೆಟ್ಟ ಕರ್ನಲ್ ಮೇಲೆ ಇನ್ನೊಮ್ಮೆ ಇನ್‌ಸ್ಟಾಲ್‌ಕರ್ನಲ್ ಓಡಿಸಿದರೆ ಕರ್ನಲ್.ಓಲ್ಡ್ ಜಾಗಕ್ಕೆ ಆ ಕೆಟ್ಟದ್ದೇ ಬರುತ್ತದೆ. ಹಾಗಾಗಿ ಒಳ್ಳೆಯದನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿಟ್ಟುಕೊಳ್ಳಿ. ಸ್ವಂತ ಕಾನ್ಫಿಗ್ ಬರೆಯುವಾಗ ಮೊದಲ ಸಾಲಿಗೆ "ಇನ್‌ಕ್ಲೂಡ್ ಜೆನೆರಿಕ್" ಎಂದು ಹಾಕಿ, ಬೇಡದ್ದನ್ನು ನೋಡಿವೈಸ್ ಎಂದು ಕಳೆಯುತ್ತಾ ಹೋದರೆ ಡಿಸ್ಕ್ ಡ್ರೈವರ್ ಮರೆತುಹೋಗುವ ಭಯ ಇರುವುದಿಲ್ಲ.

ಹೊರಗಿನ ಡ್ರೈವ್ ಮೌಂಟ್ ಆಗದಿದ್ದರೆ

ಲಿನಕ್ಸ್‌ನ ಮೌಂಟ್ ಕಮಾಂಡ್ ಕೊಡುವ "ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್..." ಎಂಬ ಉದ್ದ ಸಾಲು ಹಲವು ಕಾರಣಗಳನ್ನು ಒಟ್ಟಿಗೆ ಹೇಳುತ್ತದೆ. ಅದನ್ನು ಓದಿ ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್‌ನ ಮುಖ್ಯ ವಿವರ ಇರುವ ಜಾಗ) ಕೆಟ್ಟಿದೆ ಅಂತ ರಿಪೇರಿಗೆ ಇಳಿಯಬೇಡಿ. ಅದೇ ಕ್ಷಣ ಡಿಮೆಸ್ಗ್‌ನ ಕೊನೆಯ ಸಾಲುಗಳನ್ನು ನೋಡಿ, ನಿಜವಾದ ಕಾರಣ ಅಲ್ಲಿದೆ.

ನಿನ್ನೆ ಮೌಂಟ್ ಆಗುತ್ತಿದ್ದ ಪೆನ್‌ಡ್ರೈವ್ ಇವತ್ತು "ಅನ್‌ನೋನ್ ಫೈಲ್‌ಸಿಸ್ಟಮ್" ಎಂದರೆ, ನಡುವೆ ಸಿಸ್ಟಮ್ ಅಪ್‌ಡೇಟ್ ಆಗಿದ್ದು ರೀಬೂಟ್ ಆಗಿಲ್ಲವೇ ಎಂದು ನೋಡಿ. ಆರ್ಚ್‌ನಂಥ ವಿತರಣೆಗಳಲ್ಲಿ ಅಪ್‌ಡೇಟ್ ಆದಾಗ ಓಡುತ್ತಿರುವ ಕರ್ನಲ್‌ನ ಮಾಡ್ಯೂಲ್‌ಗಳು ಅಳಿಸಿಹೋಗುತ್ತವೆ. ರೀಬೂಟ್ ಮಾಡಿದರೆ ಸರಿಯಾಗುತ್ತದೆ.

ಎಕ್ಸ್‌ಫ್ಯಾಟ್‌ಗೆ ಈಗಿರುವ ಡ್ರೈವರ್ 2020ರ ಲಿನಕ್ಸ್ 5.7ರಿಂದ, ಎನ್‌ಟಿಎಫ್‌ಎಸ್3 ಡ್ರೈವರ್ 2021ರ 5.15ರಿಂದ ಕರ್ನಲ್‌ನಲ್ಲೇ ಇವೆ. ಎನ್‌ಟಿಎಫ್‌ಎಸ್ ಡ್ರೈವ್‌ಗೆ "ವಾಲ್ಯೂಮ್ ಈಸ್ ಡರ್ಟಿ" ಎಂದು ಬಂದರೆ ವಿಂಡೋಸ್ ಅದನ್ನು ಸರಿಯಾಗಿ ಮುಚ್ಚಿಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ. ಫೋರ್ಸ್ ಆಯ್ಕೆ ಬಳಸಿ ಬರೆಯಲು ಹೋದರೆ ಡೇಟಾ ಹಾಳಾಗಬಹುದು.

ಹೊಸ ಯಂತ್ರದಲ್ಲಿ ಫಾರ್ಮ್ಯಾಟ್ ಮಾಡಿದ ಎಕ್ಸ್ಟ್4 ಡಿಸ್ಕ್ ಹಳೆಯ ಕರ್ನಲ್‌ನಲ್ಲಿ ತಕರಾರು ಮಾಡುವುದೂ ಉಂಟು. 2023ರ ಇ2ಎಫ್‌ಎಸ್‌ಪ್ರಾಗ್ಸ್ (ಎಕ್ಸ್ಟ್4 ಟೂಲ್‌ಗಳ ಪ್ಯಾಕೇಜ್) 1.47ರಿಂದ ಆರ್ಫನ್_ಫೈಲ್ ಎಂಬ ಹೊಸ ಸೌಲಭ್ಯ ಫಾರ್ಮ್ಯಾಟ್ ಮಾಡುವಾಗ ತಾನಾಗಿಯೇ ಆನ್ ಆಗುತ್ತದೆ. ಅದನ್ನು ಅರಿಯುವುದು 5.15 ಮತ್ತು ಮುಂದಿನ ಕರ್ನಲ್‌ಗಳು ಮಾತ್ರ. ಡಿಸ್ಕ್ ಕೆಟ್ಟಿಲ್ಲ, ಸುಮ್ನೆ ಅದನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಡಿ. ಹೊಸ ಯಂತ್ರದಲ್ಲಿ ಅನ್‌ಮೌಂಟ್ ಮಾಡಿ, ಟ್ಯೂನ್2ಎಫ್‌ಎಸ್‌ನಿಂದ ಆ ಸೌಲಭ್ಯ ತೆಗೆದರೆ ಆಯಿತು.

ಡಿಮೆಸ್ಗ್‌ನಲ್ಲಿ "ಐ/ಒ ಎರರ್" ಸಾಲುಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ ಇದುವರೆಗೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಸ್ಮಾರ್ಟ್‌ಸಿಟಿಎಲ್ -ಎ ಕೊಟ್ಟು, ಪೆಂಡಿಂಗ್ ಮತ್ತು ರೀಅಲೊಕೇಟೆಡ್ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದೆಯೇ ಗಮನಿಸಿ. ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಕಮಾಂಡ್) ಓಡಿಸಬೇಡಿ, ಅದು ಡಿಸ್ಕ್ ಮೇಲೆ ಬರೆಯುತ್ತದೆ ಮತ್ತು ಉಳಿದಿರುವುದನ್ನೂ ಕೆಡಿಸಬಹುದು. ಮೊದಲು ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕ್‌ನ ನಕಲನ್ನು ಇನ್ನೊಂದು ಒಳ್ಳೆಯ ಡಿಸ್ಕ್‌ಗೆ ತೆಗೆದುಕೊಳ್ಳಿ, ಮ್ಯಾಪ್‌ಫೈಲ್ (ಎಷ್ಟು ನಕಲಾಯಿತು ಎಂಬ ದಾಖಲೆ) ಕೊಡುವುದನ್ನು ಮರೆಯಬೇಡಿ. ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಎಫ್‌ಎಸ್‌ಸಿಕೆ ಓಡಿಸುವುದು ಆ ನಕಲಿನ ಮೇಲೆ.